ಕ್ಲೌಡ್ ಮೆಷೀನಿಗೆ ಬೀದಿ ಬಾಗಿಲು ಯಾಕೆ?

ಶಿರಸಿಯಲ್ಲಿ ನಮ್ಮ ಚಿಕ್ಕಪ್ಪನದು ಅಡಿಕೆ ವ್ಯಾಪಾರ. ಅವರ ಲೆಕ್ಕ ಇಡುವುದಕ್ಕೆ ಒಂದು ಸಣ್ಣ ವೆಬ್ ಪುಟ ಮಾಡಿಕೊಟ್ಟಿದ್ದೆ. ಅದು ಓಡುತ್ತಿದ್ದದ್ದು ಎಡಬ್ಲ್ಯುಎಸ್‌ನ (ಅಮೆಜಾನ್ ಬಾಡಿಗೆಗೆ ಕೊಡುವ ಕಂಪ್ಯೂಟರ್ ಸೇವೆ) ಮುಂಬೈ ರೀಜನ್‌ನ ಒಂದು ಪುಟ್ಟ ಮೆಷೀನಿನಲ್ಲಿ. ಒಂದು ಸಂಜೆ ಸುಮ್ನೆ ಲಾಗ್, ಅಂದರೆ ಮೆಷೀನಿಗೆ ಯಾರು ಬಂದರು ಅನ್ನುವ ದಾಖಲೆ, ತೆಗೆದು ನೋಡಿದೆ. ಸಾಲು ಸಾಲಾಗಿ ‘ಇನ್‌ವ್ಯಾಲಿಡ್ ಯೂಸರ್’. ಅಲ್ಲಿ ಇಲ್ಲದ ಹೆಸರು ಹೇಳಿಕೊಂಡು ಯಾರ್ಯಾರೋ ಒಳಗೆ ನುಗ್ಗಲು ನೋಡಿದ್ದಾರೆ. ಅಡ್ಮಿನ್ ಅಂತ ಒಬ್ಬ, ಟೆಸ್ಟ್ ಅಂತ ಒಬ್ಬ, ಡೇಟಾಬೇಸ್‌ಗಳ ಹೆಸರಿನಲ್ಲಿ ಪೋಸ್ಟ್‌ಗ್ರೆಸ್, ಒರಾಕಲ್. ಅಡಿಕೆ ಲೆಕ್ಕದ ಮೆಷೀನಿನಲ್ಲಿ ಒರಾಕಲ್‌ಗೆ ಏನು ಕೆಲಸ?

ಇದರಲ್ಲಿ ವೈಯಕ್ತಿಕ ದ್ವೇಷ ಏನೂ ಇಲ್ಲ. ಇಂಟರ್ನೆಟ್ಟಿನಲ್ಲಿ ಮೆಷೀನನ್ನು ತಲುಪುವ ನಂಬರಿಗೆ ಐಪಿ ವಿಳಾಸ ಅನ್ನುತ್ತಾರೆ. ಜಗತ್ತಿನ ಹಳೇ ಮಾದರಿಯ ಐಪಿ ವಿಳಾಸಗಳು, ಅಂದರೆ ಐಪಿವಿ4, ಒಟ್ಟು ಸುಮಾರು 429 ಕೋಟಿ. ಅಷ್ಟನ್ನೂ ಒಂದೇ ಕಂಪ್ಯೂಟರಿನಿಂದ 45 ನಿಮಿಷದೊಳಗೆ ತಟ್ಟಿ ನೋಡಬಹುದು ಅಂತ ಮಿಶಿಗನ್ ವಿಶ್ವವಿದ್ಯಾಲಯದವರು 2013ರಲ್ಲೇ ಝಡ್‌ಮ್ಯಾಪ್ ಎಂಬ ಟೂಲ್ ಮಾಡಿ ತೋರಿಸಿದ್ದರು. ಹಾಗಾಗಿ ‘ನಮ್ಮ ಮೆಷೀನ್ ಯಾರಿಗೆ ಗೊತ್ತಿರುತ್ತೆ ಬಿಡಿ’ ಅನ್ನುವ ಮಾತಿಗೆ ಅರ್ಥವಿಲ್ಲ. ಯಾರಿಗೂ ಗೊತ್ತಿರಬೇಕಾಗಿಯೇ ಇಲ್ಲ. 2017ರ ಜನವರಿಯಲ್ಲಿ ಪಾಸ್‌ವರ್ಡ್ ಇಲ್ಲದೆ ಇಂಟರ್ನೆಟ್ಟಿಗೆ ತೆರೆದುಕೊಂಡಿದ್ದ ಸಾವಿರಾರು ಮಾಂಗೋಡಿಬಿ ಡೇಟಾಬೇಸ್‌ಗಳನ್ನು ಅಳಿಸಿ, ದುಡ್ಡು ಕೇಳುವ ಚೀಟಿ ಬಿಟ್ಟು ಹೋದವರು ಹೀಗೆ ಬಾಗಿಲು ತಟ್ಟಿಕೊಂಡೇ ಬಂದವರು.

ಎಡಬ್ಲ್ಯುಎಸ್‌ನ ಡಿಫಾಲ್ಟ್ ವಿಪಿಸಿಯಲ್ಲಿ (ನಿಮ್ಮ ಖಾತೆಗೆ ಮೊದಲೇ ಮಾಡಿಟ್ಟ ಖಾಸಗಿ ನೆಟ್‌ವರ್ಕ್) ಮೆಷೀನ್ ಎಬ್ಬಿಸಿದರೆ ಪಬ್ಲಿಕ್ ಐಪಿ, ಅಂದರೆ ಇಂಟರ್ನೆಟ್ಟಿನಿಂದ ನೇರವಾಗಿ ತಲುಪುವ ವಿಳಾಸ, ತಾನಾಗಿ ಬರುತ್ತದೆ. ಕೇಳದೆ ಬಂದ ಈ ಬೀದಿ ಬಾಗಿಲಿಗೆ 2024ರ ಫೆಬ್ರುವರಿ 1ರಿಂದ ಬಾಡಿಗೆಯೂ ಇದೆ: ಗಂಟೆಗೆ 0.005 ಡಾಲರ್, ತಿಂಗಳಿಗೆ ಸುಮಾರು ಮೂರೂವರೆ ಡಾಲರ್. ಬಾಗಿಲು ಮುಚ್ಚುವುದು ಹೇಗೆ ಅಂತ ನೋಡೋಣ. ಆದರೆ ಮೊದಲು ನಾನು ಮಾಡಿದ ಎಡವಟ್ಟು ಕೇಳಿ.

ಒಂದು ಭಾನುವಾರ ರಾತ್ರಿ ಹುಮ್ಮಸ್ಸಿನಲ್ಲಿ ಪಬ್ಲಿಕ್ ಐಪಿ ಕಿತ್ತು ಹಾಕಿದೆ. ಲಾಗ್ ಶಾಂತವಾಯಿತೋ ಇಲ್ಲವೋ ನೋಡೋಣ ಅಂತ ಒಳಗೆ ಹೋಗಲು ಹೊರಟರೆ, ನನಗೂ ದಾರಿ ಇಲ್ಲ! ಬೆಳಗ್ಗೆ ಚಿಕ್ಕಪ್ಪನ ಫೋನು. “ಏನೋ ತಮ್ಮಾ, ಲೆಕ್ಕದ ಪುಟ ತೆಗೀತಾನೇ ಇಲ್ವಲ್ಲೋ, ಇಲ್ಲಿ ಜನ ನಿಂತಿದ್ದಾರೆ.” ಆದ್ದರಿಂದ ಕೆಳಗಿನ ಹೆಜ್ಜೆಗಳ ಕ್ರಮ ತಪ್ಪಿಸಬೇಡಿ. ಐಪಿ ಕೀಳುವ ಕೆಲಸ ಕೊನೆಗೆ ಬರುವುದು ಸುಮ್ನೆ ಅಲ್ಲ.

ಹೆಜ್ಜೆ 1: ಏನೇನು ತೆರೆದಿದೆ ನೋಡಿ

ಇಸಿ2 (ಎಡಬ್ಲ್ಯುಎಸ್‌ನ ಬಾಡಿಗೆ ಮೆಷೀನುಗಳ ವಿಭಾಗ) ಕನ್ಸೋಲ್‌ನಲ್ಲಿ ಮೆಷೀನುಗಳ ಪಟ್ಟಿ ತೆಗೆದು, ಪಬ್ಲಿಕ್ ಐಪಿವಿ4 ಕಾಲಂ ನೋಡಿ. ವಿಳಾಸ ಇರುವ ಪ್ರತಿ ಮೆಷೀನಿನ ಸೆಕ್ಯೂರಿಟಿ ಗ್ರೂಪ್ (ಮೆಷೀನಿಗೆ ಯಾರನ್ನು ಬಿಡಬೇಕು ಅನ್ನುವ ನಿಯಮಗಳ ಪಟ್ಟಿ) ತೆರೆದು, ಇನ್‌ಬೌಂಡ್, ಅಂದರೆ ಒಳಬರುವವರ ನಿಯಮಗಳನ್ನು ಓದಿ. 0.0.0.0/0 ಅಂದರೆ ‘ಯಾರು ಬೇಕಾದರೂ ಬನ್ನಿ’ ಅಂತ. ಅದರ ಹೊಸ ಮಾದರಿಯ ಐಪಿವಿ6 ತಮ್ಮ ::/0 ಪಕ್ಕದಲ್ಲೇ ಇರುತ್ತಾನೆ. ಅಣ್ಣನನ್ನು ಅಳಿಸಿ ತಮ್ಮನನ್ನು ಮರೆಯುವವರೇ ಜಾಸ್ತಿ.

ಅದರಲ್ಲೂ 22 (ಎಸ್‌ಎಸ್‌ಎಚ್, ದೂರದಿಂದ ಲಾಗಿನ್ ಆಗುವ ದಾರಿ), 3389 (ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್), 3306 (ಮೈಎಸ್‌ಕ್ಯೂಎಲ್), 6379 (ರೆಡಿಸ್), 27017 (ಮಾಂಗೋಡಿಬಿ) ಪೋರ್ಟ್‌ಗಳು, ಅಂದರೆ ಒಂದೊಂದು ಸೇವೆಯ ನಂಬರ್ ಹಾಕಿದ ಬಾಗಿಲುಗಳು, ಲೋಕಕ್ಕೆಲ್ಲ ತೆರೆದಿದ್ದರೆ ಇವತ್ತೇ ಕೈ ಹಾಕಿ.

ಇಲ್ಲಿ ಎರಡು ವಿಷಯ ಗೊತ್ತಿರಲಿ. ಸೆಕ್ಯೂರಿಟಿ ಗ್ರೂಪ್‌ನಲ್ಲಿ ‘ಬಿಡು’ ಅನ್ನುವ ನಿಯಮ ಮಾತ್ರ ಬರೆಯಬಹುದು, ‘ಬಿಡಬೇಡ’ ಅಂತ ಬರೆಯಲು ಬರುವುದಿಲ್ಲ. ಒಂದೇ ಮೆಷೀನಿಗೆ ಮೂರು ಗ್ರೂಪ್ ಇದ್ದು, ಎರಡು ಬಿಗಿಯಾಗಿದ್ದು ಒಂದು ಸಡಿಲವಾಗಿದ್ದರೆ, ಗೆಲ್ಲುವುದು ಸಡಿಲದ್ದೇ. ಎರಡನೆಯದು, ಮೆಷೀನಿನ ಒಳಗೆ ಯುಎಫ್‌ಡಬ್ಲ್ಯು (ಲಿನಕ್ಸ್‌ನ ಒಂದು ಫೈರ್‌ವಾಲ್) ಹಾಕಿದ್ದೇನೆ ಅಂತ ನೆಮ್ಮದಿಯಾಗಿ ಕೂರಬೇಡಿ. ಆ್ಯಪ್‌ಗಳನ್ನು ಡಬ್ಬಿಯಲ್ಲಿಟ್ಟು ಓಡಿಸುವ ಡಾಕರ್, ಪೋರ್ಟ್ ತೆರೆಯುವಾಗ ಐಪಿಟೇಬಲ್ಸ್‌ನಲ್ಲಿ (ಯುಎಫ್‌ಡಬ್ಲ್ಯು ಹಿಂದಿರುವ ಲಿನಕ್ಸ್‌ನ ಮೂಲ ನಿಯಮ ಪಟ್ಟಿ) ತನ್ನದೇ ನಿಯಮ ಬರೆದುಕೊಳ್ಳುತ್ತದೆ. ಯುಎಫ್‌ಡಬ್ಲ್ಯು ಮುಚ್ಚಿದೆ ಅನ್ನುತ್ತಿರುತ್ತದೆ, ಪೋರ್ಟ್ ಮಾತ್ರ ತೆರೆದೇ ಇರುತ್ತದೆ.

ಹೆಜ್ಜೆ 2: ನಿಮಗೊಂದು ಹಿತ್ತಲ ಬಾಗಿಲು

ಅನೇಕರು 22ನೇ ಪೋರ್ಟನ್ನು ತಮ್ಮ ಮನೆಯ ಐಪಿಗೆ ಮಾತ್ರ ಬಿಟ್ಟು ಕೈ ತೊಳೆದುಕೊಳ್ಳುತ್ತಾರೆ. ಏನೂ ಇಲ್ಲದ್ದಕ್ಕಿಂತ ಅದು ವಾಸಿ. ಆದರೆ ಮನೆಯ ಬ್ರಾಡ್‌ಬ್ಯಾಂಡ್ ಐಪಿ ಒಂದು ಸಲ ಕರೆಂಟ್ ಹೋಗಿ ಬಂದರೆ ಬದಲಾಗಿರಬಹುದು. ಆಗ ಮತ್ತೆ ಕನ್ಸೋಲ್, ಮತ್ತೆ ನಿಯಮ. ನಾಲ್ಕನೇ ಸಲಕ್ಕೆ ಬೇಸರ ಬಂದು 0.0.0.0/0 ಹಾಕಿಬಿಡುತ್ತೀರಿ. ನಾನೂ ಹಾಕಿದ್ದೆ.

ಇದಕ್ಕಿಂತ ಇಸಿ2 ಇನ್‌ಸ್ಟನ್ಸ್ ಕನೆಕ್ಟ್ ಎಂಡ್‌ಪಾಯಿಂಟ್ ಒಳ್ಳೆಯದು. ಪಬ್ಲಿಕ್ ಐಪಿ ಇಲ್ಲದ ಮೆಷೀನಿಗೂ ಎಡಬ್ಲ್ಯುಎಸ್ ಮೂಲಕವೇ ಒಳಗೆ ಬಿಡುವ ಬಾಗಿಲು ಅದು. 2023ರ ಜೂನ್‌ನಲ್ಲಿ ಬಂದದ್ದು, ಇದಕ್ಕೆ ಬೇರೆ ಶುಲ್ಕ ಇಲ್ಲ. ವಿಪಿಸಿ ಕನ್ಸೋಲ್‌ನ ಎಂಡ್‌ಪಾಯಿಂಟ್ಸ್‌ಗೆ ಹೋಗಿ ಒಂದನ್ನು ಮಾಡಿ, ಅದಕ್ಕೆ ಪ್ರತ್ಯೇಕ ಸೆಕ್ಯೂರಿಟಿ ಗ್ರೂಪ್ ಕೊಡಿ. ಆಮೇಲೆ ಮೆಷೀನಿನ ಗ್ರೂಪ್‌ನಲ್ಲಿ 22ನೇ ಪೋರ್ಟಿನ ಮೂಲವಾಗಿ ಐಪಿ ಬದಲು ಆ ಎಂಡ್‌ಪಾಯಿಂಟಿನ ಗ್ರೂಪನ್ನೇ ಆರಿಸಿ. ಇನ್ನು ಮೇಲೆ ಒಳಗೆ ಬರಬೇಕಾದರೆ ಎಡಬ್ಲ್ಯುಎಸ್ ಲಾಗಿನ್ ಮತ್ತು ಅನುಮತಿ ಎರಡೂ ಬೇಕು. ಒಂದು ಸಂಪರ್ಕ ಹೆಚ್ಚೆಂದರೆ ಒಂದು ಗಂಟೆ ಇರುತ್ತದೆ, ಆಮೇಲೆ ಮತ್ತೆ ಸೇರಿಕೊಳ್ಳಬೇಕು. ಅಷ್ಟು ಕಿರಿಕಿರಿ ಸಹಿಸಬಹುದು.

ಎಡಬ್ಲ್ಯುಎಸ್‌ನದೇ ಸೆಷನ್ ಮ್ಯಾನೇಜರ್ ಇನ್ನೊಂದು ದಾರಿ. ಅದಕ್ಕೆ 22ನೇ ಪೋರ್ಟೂ ಬೇಡ. ಆದರೆ ಮೆಷೀನೇ 443ನೇ ಪೋರ್ಟಿನ (ಎಚ್‌ಟಿಟಿಪಿಎಸ್) ಮೂಲಕ ಹೊರಗೆ ಮಾತಾಡಬೇಕು. ಹೊರಗಿನ ದಾರಿಯನ್ನೂ ಮುಚ್ಚುವವರು ಅದಕ್ಕೆ ದುಡ್ಡು ಕೊಟ್ಟು ಬೇರೆ ಎಂಡ್‌ಪಾಯಿಂಟ್‌ಗಳನ್ನು ಹಾಕಬೇಕಾಗುತ್ತದೆ.

ಯಾವುದನ್ನೇ ಆರಿಸಿ, ಅದರಿಂದ ಒಂದು ಸಲ ಒಳಗೆ ಹೋಗಿ ಬಂದ ಮೇಲೆಯೇ ಮುಂದಿನ ಹೆಜ್ಜೆ.

ಹೆಜ್ಜೆ 3: ಗಿರಾಕಿಗಳಿಗೆ ಕೌಂಟರ್

ಚಿಕ್ಕಪ್ಪನಿಗೆ ಪುಟ ತೆರೆಯಬೇಕು, ಅಲ್ವಾ? ಜನ ಬರುವ ಜಾಗ ಬೇರೆ, ಸರಕು ಇಡುವ ಗೋದಾಮು ಬೇರೆ. ಇಂಟರ್ನೆಟ್ ಗೇಟ್‌ವೇಗೆ (ವಿಪಿಸಿಯನ್ನು ಇಂಟರ್ನೆಟ್ಟಿಗೆ ಜೋಡಿಸುವ ದ್ವಾರ) ದಾರಿ ಇಲ್ಲದ ರೂಟ್ ಟೇಬಲ್ (ದಾರಿಗಳ ಪಟ್ಟಿ) ಕೊಟ್ಟು ಒಂದು ಪ್ರೈವೇಟ್ ಸಬ್‌ನೆಟ್, ಅಂದರೆ ವಿಪಿಸಿಯೊಳಗಿನ ಒಂದು ಖಾಸಗಿ ಭಾಗ, ಮಾಡಿ. ಇರುವ ಮೆಷೀನನ್ನು ಒಂದು ಸಬ್‌ನೆಟ್‌ನಿಂದ ಇನ್ನೊಂದಕ್ಕೆ ಎತ್ತಿಡಲು ಆಗುವುದಿಲ್ಲ. ಅದರ ಎಎಂಐ (ಮೆಷೀನಿನ ಪೂರ್ತಿ ನಕಲು) ತೆಗೆದು ಹೊಸ ಸಬ್‌ನೆಟ್‌ನಲ್ಲಿ ಎಬ್ಬಿಸಬೇಕು. ಅದರ ಮುಂದೆ, ಪಬ್ಲಿಕ್ ಸಬ್‌ನೆಟ್‌ನಲ್ಲಿ ಲೋಡ್ ಬ್ಯಾಲೆನ್ಸರ್ (ಬಂದ ಕೋರಿಕೆಗಳನ್ನು ಒಳಗಿನ ಮೆಷೀನಿಗೆ ದಾಟಿಸುವ ಕೌಂಟರ್) ಇಟ್ಟು 443 ತೆರೆಯಿರಿ. ಮೆಷೀನಿನ ಗ್ರೂಪ್ ಲೋಡ್ ಬ್ಯಾಲೆನ್ಸರ್‌ನ ಗ್ರೂಪನ್ನು ಮಾತ್ರ ಒಳಗೆ ಬಿಡಲಿ.

ಒಂದೇ ಸಣ್ಣ ಮೆಷೀನಿಗೆ ಲೋಡ್ ಬ್ಯಾಲೆನ್ಸರ್ ದುಬಾರಿ. 2024ರ ನವೆಂಬರ್‌ನಲ್ಲಿ ಕ್ಲೌಡ್‌ಫ್ರಂಟ್‌ಗೆ (ವೆಬ್ ಪುಟಗಳನ್ನು ಜನಕ್ಕೆ ತಲುಪಿಸುವ ಎಡಬ್ಲ್ಯುಎಸ್‌ನ ಸೇವೆ) ವಿಪಿಸಿ ಒರಿಜಿನ್ಸ್ ಎಂಬ ಸೌಲಭ್ಯ ಬಂತು. ಪ್ರೈವೇಟ್ ಸಬ್‌ನೆಟ್‌ನಲ್ಲಿರುವ ಮೆಷೀನನ್ನು ಕ್ಲೌಡ್‌ಫ್ರಂಟ್ ನೇರವಾಗಿ ತಲುಪುತ್ತದೆ. ಅಡಿಕೆ ಲೆಕ್ಕ ಈಗ ಹೀಗೇ ನಡೆಯುತ್ತಿದೆ.

ಹೆಜ್ಜೆ 4: ಹೊರಗೆ ಹೋಗುವ ದಾರಿ

ಒಳಗೆ ಬರುವವರನ್ನು ತಡೆದಾಯಿತು. ಮೆಷೀನಿಗೇ ಅಪ್‌ಡೇಟ್ ಬೇಕಾದರೆ? ಎಲ್ಲರೂ ನ್ಯಾಟ್ ಗೇಟ್‌ವೇ (ಒಳಗಿನವರು ಹೊರಗೆ ಹೋಗಬಹುದು, ಹೊರಗಿನವರು ತಾವಾಗಿ ಒಳಗೆ ಬರಲಾಗದು ಅನ್ನುವ ದ್ವಾರ) ಹಾಕಿ ಅನ್ನುತ್ತಾರೆ. ಹಾಕುವ ಮುಂಚೆ ಲೆಕ್ಕ ಮಾಡಿ. ಅಮೆರಿಕದ ವರ್ಜೀನಿಯಾ ರೀಜನ್‌ನಲ್ಲೇ ಗಂಟೆಗೆ 0.045 ಡಾಲರ್, ತಿಂಗಳಿಗೆ 32 ಡಾಲರ್‌ಗೂ ಮೇಲೆ, ಜೊತೆಗೆ ಪ್ರತಿ ಜಿಬಿಗೂ ದರ. ಮುಂಬೈನಲ್ಲಿ ಇನ್ನೂ ಜಾಸ್ತಿ. ಕಾವಲುಗಾರನ ಸಂಬಳ ಮನೆ ಬಾಡಿಗೆಗಿಂತ ಹೆಚ್ಚಾದ ಹಾಗೆ.

ಅಮೆಜಾನ್ ಲಿನಕ್ಸ್ 2023 ಬಳಸುವವರಿಗೆ ಒಂದು ಉಪಾಯ ಇದೆ. ಅದರ ಪ್ಯಾಕೇಜ್‌ಗಳು ಎಡಬ್ಲ್ಯುಎಸ್‌ನ ಫೈಲ್ ಉಗ್ರಾಣವಾದ ಎಸ್3ಯಲ್ಲಿ ಇರುತ್ತವೆ. ಎಸ್3ಗೆ ಗೇಟ್‌ವೇ ಎಂಡ್‌ಪಾಯಿಂಟ್ ಪುಕ್ಕಟೆ. ಅದನ್ನು ಹಾಕಿದರೆ ಇಂಟರ್ನೆಟ್ ಇಲ್ಲದೆಯೇ ಅಪ್‌ಡೇಟ್ ಆಗುತ್ತದೆ. ಪೇಮೆಂಟ್, ಎಸ್‌ಎಂಎಸ್ ಅಂತ ಹೊರಗಿನವರ ಜೊತೆ ಮಾತಾಡುವ ಮೆಷೀನಾದರೆ ಮಾತ್ರ ನ್ಯಾಟ್‌ಗೆ ದುಡ್ಡು ಹಾಕಿ.

ಹೆಜ್ಜೆ 5: ಈಗ ಐಪಿ ಕೀಳಿ

ಪ್ರೈವೇಟ್ ಸಬ್‌ನೆಟ್‌ನ ಹೊಸ ಮೆಷೀನ್ ಸರಿಯಾಗಿ ನಡೆಯುತ್ತಿದ್ದರೆ ಹಳೆಯದನ್ನು ತೆಗೆದುಬಿಡಿ. ಹಳೆಯದನ್ನೇ ಉಳಿಸಿಕೊಳ್ಳುವವರು ಅದರ ನೆಟ್‌ವರ್ಕ್ ಇಂಟರ್‌ಫೇಸ್‌ಗೆ ಹೋಗಿ ಪಬ್ಲಿಕ್ ಐಪಿ ತಾನಾಗಿ ಕೊಡುವ ಆಯ್ಕೆಯನ್ನು ಆಫ್ ಮಾಡಿ. ಎಲಾಸ್ಟಿಕ್ ಐಪಿ (ನಿಮ್ಮ ಹೆಸರಿಗೇ ಕಾದಿರಿಸಿದ ವಿಳಾಸ) ಇದ್ದರೆ ಬಿಡಿಸುವುದಷ್ಟೇ ಅಲ್ಲ, ರಿಲೀಸ್ ಕೂಡ ಮಾಡಿ. ಯಾವ ಮೆಷೀನಿಗೂ ಅಂಟಿಸದೆ ಇಟ್ಟುಕೊಂಡರೂ ಬಾಡಿಗೆ ಓಡುತ್ತಲೇ ಇರುತ್ತದೆ. ಸಬ್‌ನೆಟ್‌ನ ಸೆಟ್ಟಿಂಗ್ಸ್‌ನಲ್ಲಿ ‘ಆಟೋ ಅಸೈನ್’ ಟಿಕ್ ತೆಗೆಯಿರಿ, ಇಲ್ಲದಿದ್ದರೆ ಮುಂದಿನ ಮೆಷೀನ್ ಮತ್ತೆ ಬಾಗಿಲು ಸಮೇತ ಹುಟ್ಟುತ್ತದೆ.

ಹತ್ತಾರು ಜನ ಮೆಷೀನ್ ಎಬ್ಬಿಸುವ ಆಫೀಸಾದರೆ ವಿಪಿಸಿ ಬ್ಲಾಕ್ ಪಬ್ಲಿಕ್ ಆಕ್ಸೆಸ್ ನೋಡಿ. ಇದೂ 2024ರ ನವೆಂಬರ್‌ನದೇ. ಒಂದು ರೀಜನ್‌ನ ಎಲ್ಲ ವಿಪಿಸಿಗಳಿಗೂ ಒಂದೇ ಸ್ವಿಚ್. ಒಳಬರುವುದನ್ನು ಮಾತ್ರವೂ ತಡೆಯಬಹುದು, ಎರಡೂ ಕಡೆಯದನ್ನೂ ತಡೆಯಬಹುದು. ಜನಕ್ಕೆ ತೆರೆದಿಡಬೇಕಾದ ಸಬ್‌ನೆಟ್‌ಗೆ ಮೊದಲೇ ವಿನಾಯಿತಿ ಬರೆದಿಡಿ. ಗೂಗಲ್ ಕ್ಲೌಡ್‌ನವರಿಗೆ ಹಿತ್ತಲ ಬಾಗಿಲಿನ ಹೆಸರು ಐಎಪಿ, ಗುರುತು ನೋಡಿ ಒಳಗೆ ಬಿಡುವ ಸೇವೆ. ಅಲ್ಲಿ ಫೈರ್‌ವಾಲ್‌ನಲ್ಲಿ ಐಎಪಿಯ ವಿಳಾಸಗಳಾದ 35.235.240.0/20ಕ್ಕೆ ಮಾತ್ರ 22 ಬಿಟ್ಟರೆ ಸಾಕು.

ಹೆಜ್ಜೆ 6: ಹೊರಗೆ ನಿಂತು ತಟ್ಟಿ

ಫೋನಿನ ಹಾಟ್‌ಸ್ಪಾಟ್ ಹಾಕಿಕೊಂಡು, ಆಫೀಸಿನ ವೈಫೈ ಬಿಟ್ಟು, ಹಳೇ ವಿಳಾಸಕ್ಕೆ ಎಸ್‌ಎಸ್‌ಎಚ್ ಮಾಡಿ. ಪಬ್ಲಿಕ್ ಐಪಿ ಇನ್ನೂ ಇರುವ ಬೇರೆ ಮೆಷೀನುಗಳಿಗೂ ಹೀಗೇ ಮಾಡಿ. ಬರುವ ಉತ್ತರ ಗಮನಿಸಿ. ‘ಕನೆಕ್ಷನ್ ರೆಫ್ಯೂಸ್ಡ್’ ಅಂದರೆ ಖುಷಿಪಡಬೇಡಿ. ಸಾಮಾನ್ಯವಾಗಿ ಅದರರ್ಥ, ನಿಮ್ಮ ತಟ್ಟು ಮೆಷೀನಿನವರೆಗೆ ಹೋಗಿದೆ, ಒಳಗೆ ಕೇಳುವವರು ಇಲ್ಲ ಅಷ್ಟೇ. ಸೆಕ್ಯೂರಿಟಿ ಗ್ರೂಪ್ ತಡೆದರೆ ಉತ್ತರವೇ ಬರುವುದಿಲ್ಲ. ಕರ್ಸರ್ ಸುಮ್ಮನೆ ಮಿನುಗುತ್ತಾ ನಿಂತು, ಕೊನೆಗೆ ‘ಟೈಮ್‌ಔಟ್’ ಬರಬೇಕು.

ನನಗೆ ಅದು ಬಂದ ಮಾರನೇ ದಿನ ಹಿತ್ತಲ ಬಾಗಿಲಿನಿಂದ ಹೋಗಿ ಲಾಗ್ ತೆಗೆದೆ. ಇಡೀ ರಾತ್ರಿಗೆ ಒಂದೇ ಒಂದು ಲಾಗಿನ್ ಇತ್ತು, ಅದು ನನ್ನದೇ.