ಮನೆಯ ಹಿರಿಯರಿಗೆ ಫೋನ್ ಕಟ್ ಮಾಡುವುದನ್ನು ಕಲಿಸಿ

‘ಬಿಲ್ ಬಾಕಿ ಇದೆ. ಇವತ್ತು ರಾತ್ರಿ 9.30ಕ್ಕೆ ಕರೆಂಟ್ ತೆಗೀತೀವಿ. ಈ ನಂಬರಿಗೆ ಫೋನ್ ಮಾಡಿ.’ ಇಂಥ ಮೋಸದ ಮೆಸೇಜು ಬಂದರೆ ನಾವು ಅಳಿಸಿ ಸುಮ್ಮನಾಗುತ್ತೇವೆ. ಕೊನೇ ದಿನಕ್ಕೆ ಮೊದಲೇ ಕ್ಯೂ ನಿಂತು ಬಿಲ್ ಕಟ್ಟಿ ಬದುಕಿದ ಅಪ್ಪ ಮಾತ್ರ ರಸೀದಿ ಹುಡುಕಲು ಏಳುತ್ತಾರೆ. ಹಿರಿಯರನ್ನು ಕೆಡಹುವುದು ದಡ್ಡತನವಲ್ಲ, ಆಫೀಸು, ಪೊಲೀಸು ಎಂದರೆ ಇರುವ ಮರ್ಯಾದೆ. ಅದಕ್ಕೇ ಬರೀ ‘ಹುಷಾರು’ ಎಂದರೆ ಸಾಲದು.

ಮೊದಲು ತಾಲೀಮು ಮಾಡಿಸಿ. ಭಾನುವಾರ ಕಾಫಿ ಆದಮೇಲೆ ಪಕ್ಕದ ಕೋಣೆಯಿಂದ ನೀವೇ ಫೋನ್ ಮಾಡಿ, ‘ನಿಮ್ಮ ಆಧಾರ್ ಹೆಸರಲ್ಲಿ ಬಂದ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ’ ಎಂದು ಗದರಿ. (ಮೊದಲೇ ಹೇಳಿಟ್ಟೇ ಮಾಡಿ, ಬಿಪಿ ಏರಿಸಬೇಡಿ.) ಮಾತಿನ ನಡುವೆ ಫೋನ್ ಇಡಲು ಅನೇಕರಿಗೆ ಸಂಕೋಚ. ಅವರಿಗೊಂದು ವಾಕ್ಯ ಕೊಡಿ: ‘ಮಗಳನ್ನ ಕೇಳಿ ಹೇಳ್ತೀನಿ.’ ಅಂದದ್ದೇ ಕಟ್. ಪೊಲೀಸರ ಸೋಗಿನಲ್ಲಿ ವಿಡಿಯೊ ಕಾಲ್‌ ಮೇಲೇ ‘ನಿಮ್ಮನ್ನು ಬಂಧಿಸಿದ್ದೇವೆ’ ಎಂದು ಹೆದರಿಸುವ ‘ಡಿಜಿಟಲ್ ಅರೆಸ್ಟ್’ ನಮ್ಮ ಕಾನೂನಿನಲ್ಲೇ ಇಲ್ಲ ಎಂದು 2024ರ ಅಕ್ಟೋಬರ್‌ನಲ್ಲಿ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯೇ ಹೇಳಿದರು. ‘ಮನೆಯಲ್ಲಿ ಯಾರಿಗೂ ಹೇಳಬೇಡಿ, ಕ್ಯಾಮೆರಾ ಆಫ್ ಮಾಡಬೇಡಿ’ ಎನ್ನುವವನು ಕಳ್ಳನೇ.

ಆಮೇಲೆ ಅವರನ್ನು ಕೇಳಿಯೇ ಫೋನ್ ಕೈಗೆ ತೆಗೆದುಕೊಳ್ಳಿ. ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನ ಪ್ರೈವಸಿಯಲ್ಲಿ ಅಪರಿಚಿತರ ಕರೆಗಳನ್ನು ಸೈಲೆಂಟ್ ಮಾಡಬಹುದು. ಮದುವೆ ಕರೆಯೋಲೆ, ಟ್ರಾಫಿಕ್ ಚಲನ್ ಎಂದು ಬರುವ ಎಪಿಕೆ ಫೈಲು (ಫೋನಿಗೆ ಆ್ಯಪ್ ಹಾಕುವ ಫೈಲು) ಒತ್ತಕೂಡದು ಎಂದು ತೋರಿಸಿಯೇ ಹೇಳಿ. ಕರೆಯೋಲೆ ನೋಡಲು ಆ್ಯಪ್ ಹಾಕಿಕೊಳ್ಳುವ ಅಗತ್ಯ ಯಾರಿಗೂ ಇಲ್ಲ.

ದುಡ್ಡಿನ ವಿಷಯದಲ್ಲಿ ನನ್ನ ಸಲಹೆ ಒಂದೇ. ಯುಪಿಐ ಇರುವ ಖಾತೆಯಲ್ಲಿ ತರಕಾರಿ, ಔಷಧಿಗೆ ಬೇಕಾದಷ್ಟೇ ಇರಲಿ. ಪೆನ್ಷನ್, ಎಫ್‌ಡಿ ಬೇರೆ ಖಾತೆಯಲ್ಲಿರಲಿ. ಅದಕ್ಕೆ ನೆಟ್‌ಬ್ಯಾಂಕಿಂಗ್ ಬೇಡ. ಬೆದರಿದವರು ಮೊಬೈಲಿನಲ್ಲೇ ಎಫ್‌ಡಿ ಮುರಿಯುತ್ತಾರೆ, ಬ್ಯಾಂಕಿಗೆ ನಡೆದು ಹೋಗಬೇಕಾದರೆ ಅಷ್ಟರಲ್ಲಿ ಯಾರಾದರೂ ‘ಏನು ಸಾರ್, ಇದ್ದಕ್ಕಿದ್ದಂತೆ?’ ಎಂದು ಕೇಳುತ್ತಾರೆ. ಇನ್ನು, ಯುಪಿಐ ಪಿನ್ ಒತ್ತಿದರೆ ದುಡ್ಡು ಹೋಗುತ್ತದೆ. ದುಡ್ಡು ಬರಲು ಪಿನ್ ಬೇಕಿಲ್ಲ.

ಇಷ್ಟಾದರೂ ಹೋದರೆ? ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಕಳ್ಳರ ಖಾತೆಯಿಂದ ಖಾತೆಗೆ ಹಾರುವ ಮೊದಲೇ ತಡೆಹಿಡಿಯಲು ಅವಕಾಶವಿರುತ್ತದೆ. ಬ್ಯಾಂಕಿಗೂ ತಿಳಿಸಿ, ಮೆಸೇಜುಗಳನ್ನು ಅಳಿಸಬೇಡಿ. ಆದರೆ ಅತ್ತೆಯೋ ಮಾವನೋ ಇದನ್ನು ನಿಮಗೆ ಹೇಳಬೇಕಲ್ಲ! ಬೈಸಿಕೊಳ್ಳುವ ಭಯಕ್ಕೆ ಎರಡು ದಿನ ಮುಚ್ಚಿಟ್ಟರೆ ಹಣ ಸಿಗುವುದು ಕಷ್ಟ. ‘ಏನೇ ಆದರೂ ಬೈಯಲ್ಲ’ ಎಂದು ಇವತ್ತೇ ಮಾತು ಕೊಡಿ.

1930 ಅನ್ನು ಮೊಬೈಲಿನಲ್ಲಿ ಸೇವ್ ಮಾಡಿದರೆ ಸಾಲದು. ಆ ಹೊತ್ತಿನಲ್ಲಿ ಲೈನಿನಲ್ಲಿ ಕಳ್ಳನೇ ಇರುತ್ತಾನೆ. ಗೋಡೆಯ ಕ್ಯಾಲೆಂಡರಿನ ಮೇಲೆ, ಕನ್ನಡಕ ಇಲ್ಲದೆಯೂ ಕಾಣುವಷ್ಟು ದಪ್ಪಗೆ ಬರೆಯಿರಿ.