ಸಿಗಡಿ ಟ್ಯಾಂಕಿಗೆ ಯಾವ ಮಾಸ್, ಎಷ್ಟು ಊಟ?

ಸಿಹಿನೀರಿನ ಪುಟ್ಟ ಕೆಂಪು ಚೆರ್ರಿ ಸಿಗಡಿ ಸಾಕಲು ದೊಡ್ಡ ಏರ್ಪಾಡು ಬೇಡ. 20 ಲೀಟರಿನ ಗಾಜಿನ ಟ್ಯಾಂಕ್, ಒಂದು ಸ್ಪಂಜ್ ಫಿಲ್ಟರ್, ಒಂದು ಹಿಡಿ ಮಾಸ್ (ನೀರಿನಡಿ ಬೆಳೆಯುವ ಪಾಚಿಯಂಥ ಗಿಡ) ಇದ್ದರೆ ಶುರು ಮಾಡಬಹುದು. ಮಾಸ್ ಬರೀ ಚಂದಕ್ಕೆ ಅಲ್ಲ. ಅದರ ಎಳೆಗಳ ಮೇಲೆ ತೆಳುವಾಗಿ ಲೋಳೆ ಕಟ್ಟುತ್ತದೆ, ಸಿಗಡಿಗೆ ಅದೇ ದಿನದ ಊಟ. ಗಾಜಿನ ಹತ್ತಿರ ಕೂತು ನೋಡಿ. ಮುಂದಿನ ಪುಟ್ಟ ಕೈಗಳಲ್ಲಿ ಒಂದೊಂದೇ ಎಳೆ ಹಿಡಿದು, ತಿಕ್ಕಿ ತಿಕ್ಕಿ ಬಾಯಿಗೆ ಹಾಕುತ್ತಿರುತ್ತದೆ. ಈಗಷ್ಟೇ ಹುಟ್ಟಿದ 2 ಮಿಲಿಮೀಟರ್ ಮರಿಗಳಿಗಂತೂ ಮಾಸ್ ಬಿಟ್ಟರೆ ಗತಿಯಿಲ್ಲ. ಅವು ಊಟ ಹುಡುಕಿ ದೂರ ಹೋಗುವುದಿಲ್ಲ.

ನಮ್ಮ ಉಡುಪಿ, ಮಂಗಳೂರಿನ ಸೆಕೆಗೆ ಜಾವಾ ಮಾಸ್ ಒಳ್ಳೆಯದು. ಏಪ್ರಿಲ್-ಮೇಯಲ್ಲಿ ಟ್ಯಾಂಕಿನ ನೀರು 30 ಡಿಗ್ರಿ ಮುಟ್ಟಿದರೂ ಅದು ತಡೆದುಕೊಳ್ಳುತ್ತದೆ, ಬೆಳಕು ಕಡಿಮೆಯಾದರೂ ಬದುಕುತ್ತದೆ. ಕ್ರಿಸ್‌ಮಸ್ ಮಾಸ್ ನೋಡಲು ಇನ್ನೂ ಚಂದ, ಆದರೆ ಸೆಕೆ ಜಾಸ್ತಿಯಾದರೆ ಸೊರಗುತ್ತದೆ. ಮನೆಯಲ್ಲಿ ತಂಪಾದ ಮೂಲೆ ಇದ್ದರೆ ಮಾತ್ರ ತನ್ನಿ. ಮಳೆಗಾಲದಲ್ಲಿ ಕಂಪೌಂಡಿನ ಕೆಂಪುಕಲ್ಲಿನ ಮೇಲೆ ಬರುವ ಪಾಚಿಯನ್ನು ಕೆರೆದು ಹಾಕಬಹುದಾ ಅಂತ ಸುಮಾರು ಜನ ಕೇಳುತ್ತಾರೆ. ಬೇಡ. ಗೋಡೆಯ ಪಾಚಿ ಹೆಚ್ಚಾಗಿ ನೀರಿನಡಿ ಕೊಳೆಯುತ್ತದೆ.

ಅಂಗಡಿಯಿಂದ ತಂದ ಮಾಸ್ ಅನ್ನು ನೇರ ಟ್ಯಾಂಕಿಗೆ ಹಾಕಬೇಡಿ. ಒಂದು ಬಕೆಟ್‌ನಲ್ಲಿ ಎರಡು ವಾರ ಇಟ್ಟು, ದಿನಾ ನೀರು ಬದಲಿಸಿ. ಕೀಟನಾಶಕ ಇದ್ದರೆ ಹೆಚ್ಚಿನದ್ದು ತೊಳೆದು ಹೋಗುತ್ತದೆ, ಬಸವನಹುಳು, ಏರೋಪ್ಲೇನ್ ಚಿಟ್ಟೆಯ ಮರಿ ಇದ್ದರೆ ಕಣ್ಣಿಗೆ ಬೀಳುತ್ತವೆ. ಈ ಚಿಟ್ಟೆಯ ಮರಿ ಒಂದಿದ್ದರೂ ಸಿಗಡಿಗಳನ್ನು ತಿಂದು ಖಾಲಿ ಮಾಡುತ್ತದೆ.

ಆಮೇಲೆ ಒಂದು ಗೆರಟೆ ತೆಗೆದುಕೊಳ್ಳಿ. ನಾರು ಕೆರೆದು, ಬಣ್ಣ ಬಿಡುವುದು ಕಡಿಮೆಯಾಗುವವರೆಗೆ ನೀರು ಬದಲಿಸಿ ಕುದಿಸಿ. ಅದರ ಬೆನ್ನಿಗೆ ಮಾಸ್ ಅನ್ನು ತೆಳ್ಳಗೆ ಹರಡಿ, ಗಾಳದ ಸಣ್ಣ ದಾರದಿಂದ ಸುತ್ತಿ. ದಪ್ಪ ಹಾಕಿದರೆ ಅಡಿಯದ್ದು ಬೆಳಕಿಲ್ಲದೆ ಸಾಯುತ್ತದೆ. ಹತ್ತಿಯ ನೂಲು ಬೇಗ ಲಡ್ಡಾಗುತ್ತದೆ, ಜಾವಾ ಮಾಸ್ ತಾನಾಗಿ ಗಟ್ಟಿ ಹಿಡಿಯುವುದೂ ಇಲ್ಲ. ಅದಕ್ಕೇ ಗಾಳದ ದಾರ.

ಇನ್ನು ಮೇಲೂಟ. ವಾರಕ್ಕೆ ಎರಡು ಅಥವಾ ಮೂರು ಸಲ ಸಾಕು. ಇಪ್ಪತ್ತು ಸಿಗಡಿಗೆ ಉಗುರಿನಷ್ಟು ಅಗಲದ ಬೇಯಿಸಿದ ಪಾಲಕ್ ಅಥವಾ ಒಂದು ತೆಳು ಬಿಲ್ಲೆ ಸೌತೆಕಾಯಿ. ಉಪ್ಪು ಹಾಕಿ ಬೇಯಿಸಬೇಡಿ. ಮೂರ್ನಾಲ್ಕು ಗಂಟೆಯಲ್ಲಿ ಉಳಿದದ್ದನ್ನು ತೆಗೆಯಿರಿ. ಒಂದು ಮೇ ತಿಂಗಳಲ್ಲಿ ನಾನು ಪ್ರೀತಿಯಿಂದ ಇಡೀ ಪಾಲಕ್ ಎಲೆ ಹಾಕಿ ಮಲಗಿದ್ದೆ. ಬೆಳಗ್ಗೆ ನೀರು ಗಂಜಿತಿಳಿಯ ಹಾಗೆ ಬೆಳ್ಳಗಾಗಿತ್ತು. ಸಿಗಡಿಗಳೆಲ್ಲ ಉಸಿರಿಗಾಗಿ ನೀರಿನ ಮೇಲಿನ ಅಂಚಿಗೆ ಬಂದು ಸೇರಿದ್ದವು. ಹನ್ನೊಂದು ಸತ್ತವು. ಬಿಸಿ ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ. ಕೊಳೆತ ಸೊಪ್ಪು ಉಳಿದದ್ದನ್ನೂ ಎಳೆದುಕೊಳ್ಳುತ್ತದೆ.

ಕೊಳೆಯುವ ಚಿಂತೆ ಕಡಿಮೆ ಇರುವುದು ನಾಡುಬಾದಾಮಿ ಎಲೆಗೆ. ತಾನಾಗಿ ಉದುರಿ ಕಂದಾದ ಎಲೆಯನ್ನೇ ಹೆಕ್ಕಿ, ತೊಳೆದು, ಐದು ನಿಮಿಷ ಕುದಿಸಿ ಹಾಕಿ. ನರಗಳಷ್ಟೇ ಉಳಿಯುವವರೆಗೂ ಕೆಲವು ವಾರ ಇರಲಿ. ಆದರೆ ಅಡಿಕೆ ತೋಟದ ಬದಿಯ ಎಲೆ ಖಂಡಿತ ಬೇಡ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತು ಇರುತ್ತದೆ, ಅಂದರೆ ತಾಮ್ರ. ಸ್ವಲ್ಪ ತಾಮ್ರವೂ ಸಿಗಡಿಗೆ ವಿಷ. ತಾಮ್ರದ ಕೊಡದಲ್ಲಿಟ್ಟ ನೀರೂ ಬೇಡ.

ಕೆಂಪುಕಲ್ಲಿನ ನೆಲದ ಬಾವಿ ನೀರಿನಲ್ಲಿ ಸಾಮಾನ್ಯವಾಗಿ ಸುಣ್ಣದ ಅಂಶ ಕಡಿಮೆ. ಸುಣ್ಣ ಸಾಲದಿದ್ದರೆ ಪೊರೆ ಕಳಚುವಾಗ ಸಿಗಡಿ ಅರ್ಧಕ್ಕೇ ಸಿಕ್ಕಿಕೊಂಡು ಸಾಯುತ್ತದೆ. ಮಲ್ಪೆಯ ಮರಳಿನಲ್ಲಿ ಕಪ್ಪೆ ಬೊಂಡಾಸ್‌ನ (ಕಟಲ್‌ಫಿಶ್) ಬಿಳಿ ಎಲುಬು ಸಿಕ್ಕಿದರೆ ತನ್ನಿ. ಉಪ್ಪು ಹೋಗುವ ತನಕ ಕೆಲವು ದಿನ ನೀರು ಬದಲಿಸಿ ನೆನೆಸಿ, ಕುದಿಸಿ, ಬೆರಳಗಲದ ತುಂಡು ಹಾಕಿ. ನಿಧಾನ ಕರಗುತ್ತದೆ.

ಮಾಸ್ ಮೇಲೆ ಸಿಗಡಿಯದ್ದೇ ಆಕಾರದ, ಗಾಜಿನಂಥ ಖಾಲಿ ಪೊರೆ ಕಂಡರೆ ಸತ್ತಿತು ಅಂತ ಗಾಬರಿಯಾಗಬೇಡಿ. ತೆಗೆದು ಬಿಸಾಡಲೂಬೇಡಿ. ಅದರಲ್ಲೂ ಸುಣ್ಣ ಇದೆ, ಅವೇ ತಿಂದು ಮುಗಿಸುತ್ತವೆ.