ಉಪ್ಪು ಮೊದಲು, ಹುಳಿ ಕೊನೆಗೆ

ಪರಂಗಿಕಾಯಿ ಹಾಕಿದ್ದೇ ತಪ್ಪಾಯಿತು. ಬಲಿತ ಕುರಿ ಬೇಯದಿದ್ದರೆ ಸಾರಿಗೆ ಎರಡು ಹೋಳು ಪರಂಗಿಕಾಯಿ ಹಾಕುವ ಉಪಾಯ ನಮ್ಮ ಕಡೆ ಎಲ್ಲರಿಗೂ ಗೊತ್ತು. ಮಸಾಲೆಯಲ್ಲಿ ನೆನೆಸಿ, ಕಾವಲಿಯಲ್ಲಿ ಸುಟ್ಟು, ತೆಳ್ಳಗೆ ಕೊಯ್ದು ರೊಟ್ಟಿಯಲ್ಲಿ ಸುತ್ತಿ ತಿನ್ನುವ ಫಹೀಟಾ ಎಂಬ ಟೆಕ್ಸಾಸಿನ ಅಡುಗೆ ಮಾಡಹೊರಟವಳು ಅದನ್ನೇ ನಂಬಿ ಒಂದು ಕೆಜಿ ತೊಡೆ ಮಾಂಸಕ್ಕೆ ಪರಂಗಿಕಾಯಿ ರುಬ್ಬಿ ಹಾಕಿದೆ, ಮೂರು ನಿಂಬೆಹಣ್ಣು ಹಿಂಡಿದೆ, ಒಂದು ಬಟ್ಟಲು ಮೊಸರೂ ಸುರಿದು ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟೆ. ಬೆಳಿಗ್ಗೆ ಮುಟ್ಟಿದರೆ ಕೊಳೆತ ಹಲಸಿನ ತೊಳೆಗೆ ಹೋದ ಹಾಗೆ ಬೆರಳು ಒಳಗೆ ಹೋಯಿತು. ಕಾವಲಿಗೆ ಹಾಕಿದರೆ ಕೆಂಪಗೆ ಸುಡುವುದು ಬಿಟ್ಟು ನೀರು ಬಿಟ್ಟುಕೊಂಡು ಕುದಿಯತೊಡಗಿತು. ಮೇಲೆ ಹಿಟ್ಟು, ಒಳಗೆ ರಬ್ಬರು. ನಮ್ಮನೆಯವರು ಎರಡು ತುತ್ತು ತಿಂದು, "ಉಪ್ಪಿನಕಾಯಿ ಇದ್ಯಾ?" ಅಂದರು.

ಇಷ್ಟಕ್ಕೆಲ್ಲ ಕಾರಣ ನನ್ನ ಅಕ್ಕನ ಮಗ. ಟೆಕ್ಸಾಸಿನಲ್ಲಿ ಆರು ವರ್ಷ ಇದ್ದು ಬಂದವನು. ಸಕಲೇಶಪುರದಿಂದ ಹಾನುಬಾಳಿನ ದಾರಿಯಲ್ಲಿ ನಮ್ಮದು ಮೂರು ಕೋಣೆಯ ಹೋಂಸ್ಟೇ; ಬೆಂಗಳೂರಿನಿಂದ ಬರುವವರಿಗೆ ನಾಟಿಕೋಳಿ ಸಾರು, ಕಡುಬು, ಪಂದಿ ಮಾಡಿ ಬಡಿಸುತ್ತೇನೆ. "ಚಿಕ್ಕಮ್ಮ, ಒಂದು ರಾತ್ರಿ ಫಹೀಟಾ ಮಾಡಿ ನೋಡು, ಅವರೇ ತಟ್ಟೆ ಹಿಡಿದು ಕಾವಲಿ ಹತ್ತಿರ ನಿಲ್ತಾರೆ" ಎಂದು ಅವನು ಹೇಳಿದ ಮೇಲೆ ಸುರುವಾದ ಹುಚ್ಚಿದು. ಹೌದು, ಬರೆಯುವಾಗ 'ಫಜಿಟಾ' ಎಂದು ಕಂಡರೂ ಸ್ಪ್ಯಾನಿಷ್ ಮಂದಿ 'ಫಹೀಟಾ' ಎನ್ನುತ್ತಾರಂತೆ. 'ಫಾಹಾ' ಎಂದರೆ ಸೊಂಟಪಟ್ಟಿ. ಪುಟ್ಟ ಪಟ್ಟಿಯಂತಿರುವ ಮಾಂಸಕ್ಕೆ ಫಹೀಟಾ. ದನದ ಎದೆಗೂಡಿನ ಒಳಗಿರುವ ಉದ್ದನೆಯ, ನಾರುನಾರಾದ ವಪೆಯ, ಅಂದರೆ ಎದೆ ಹೊಟ್ಟೆಗಳ ನಡುವಿನ ತೆರೆಯ ಮಾಂಸ ಅದು. ಮೆಕ್ಸಿಕೋ ಗಡಿಯ ಟೆಕ್ಸಾಸ್ ಸೀಮೆಯಲ್ಲಿ ದನ ಕಾಯುವ ಆಳುಗಳಿಗೆ ತಲೆ, ಚರ್ಮದ ಜೊತೆ ಕೂಲಿಯ ಭಾಗವಾಗಿ ಸಿಗುತ್ತಿದ್ದ, ಧಣಿಗಳಿಗೆ ಬೇಡವಾದ ತುಂಡು. 1969ರಲ್ಲಿ ಸನ್ನಿ ಫಾಲ್ಕನ್ ಎಂಬವರು ಕೈಲ್ ಎಂಬ ಊರಿನಲ್ಲಿ ಅಂಗಡಿ ಹಾಕಿ ಮಾರಿದರು. ಈಗ ಅದೇ ತುಂಡಿಗೆ ಅಲ್ಲಿ ಭಾರೀ ಬೆಲೆ. ನಮ್ಮ ತಲೆಕಾಲಿನ ಕಥೆಯೂ ಹೀಗೇ ಆಗುತ್ತಿದೆ, ಬಿಡಿ.

ನಮ್ಮಲ್ಲಿ 2021ರಿಂದ ದನ, ಎತ್ತು ಕಡಿಯಲು ಕಾನೂನಿನ ತಡೆಯಿದೆ. ನಮ್ಮ ಮನೆಯಲ್ಲಿ ಅದು ಮೊದಲೂ ಬೇಯುತ್ತಿರಲಿಲ್ಲ. ಹಾಗಾಗಿ ನನ್ನ ಸ್ಟೀಕ್, ಅಂದರೆ ಹಲಗೆಯಂತೆ ಸೀಳಿ ಸುಡುವ ಮಾಂಸ, ಎಂದರೆ ಎಳೆ ಕುರಿಮರಿಯ ಹಿಂದೊಡೆ. ಬನ್ನೂರು ತಳಿಯದು ಸಿಕ್ಕಿದರೆ ಬಿಡುವುದಿಲ್ಲ, ನಾರಿನ ನಡುವೆಯೂ ಕೊಬ್ಬಿರುತ್ತದೆ. ಅಂಗಡಿಯವರಿಗೆ ಅರ್ಥ ಮಾಡಿಸುವುದೇ ದೊಡ್ಡ ಪಾಡಾಯಿತು. "ಸಾರಿಗಾ ಅಕ್ಕ, ಬಿರಿಯಾನಿಗಾ?" ಎಂದು ಕೇಳಿ ಕತ್ತಿ ಎತ್ತಿಯೇ ಬಿಟ್ಟಿದ್ದರು. "ಎರಡಕ್ಕೂ ಅಲ್ಲ, ಮೂಳೆ ಬಿಡಿಸಿ ಇಡೀ ಕೊಡಿ, ತುಂಡು ಮಾಡಬೇಡಿ" ಎಂದರೆ ನನ್ನ ಮುಖವನ್ನೇ ನೋಡಿದರು. ಈಗ ನನ್ನನ್ನು ಕಂಡ ಕೂಡಲೇ ಒಂದು ತೊಡೆ ಪಕ್ಕಕ್ಕಿಡುತ್ತಾರೆ. ಮನೆಗೆ ತಂದು ಮೇಲಿನ ಬಿಳಿ ಪೊರೆ ಸುಲಿದು, ಅರ್ಧ ಇಂಚು ದಪ್ಪದ ಹಲಗೆಗಳಾಗಿ ಸೀಳುತ್ತೇನೆ. ಆ ಪೊರೆ ಉಳಿದರೆ ಕಾವಲಿಯ ಮೇಲೆ ಹಪ್ಪಳದಂತೆ ಸುರುಟಿಕೊಂಡು ಮಾಂಸವನ್ನೂ ಎಳೆಯುತ್ತದೆ.

ಮೊದಲ ಸೋಲಿನ ಮೇಲೆ ಒಂದು ಭಾನುವಾರ ನಾಲ್ಕು ಬಟ್ಟಲು ಸಾಲಾಗಿಟ್ಟೆ. ಒಂದರಲ್ಲಿ ಬರೀ ಉಪ್ಪು, ಒಂದರಲ್ಲಿ ಬರೀ ನಿಂಬೆರಸ, ಒಂದರಲ್ಲಿ ಎಲ್ಲವೂ ಒಟ್ಟಿಗೆ, ನಾಲ್ಕನೆಯದರಲ್ಲಿ ಉಪ್ಪು ಮಸಾಲೆ ಮೊದಲು, ನಿಂಬೆ ಕೊನೆಗೆ. ಐದು ಗಂಟೆ ಬಿಟ್ಟು ಸುಟ್ಟು, ಕತ್ತರಿಸಿ ನೋಡಿದೆವು. ನಿಂಬೆರಸದ್ದು ಮೇಲೆ ಒಂದೆರಡು ಮಿಲಿಮೀಟರು ಬೆಳ್ಳಗೆ ಪುಡಿಪುಡಿಯಾಗಿತ್ತು, ಒಳಗೆ ಹುಳಿಯ ಸುಳಿವೇ ಇಲ್ಲ. ಬರೀ ಉಪ್ಪಿನದು ಸಪ್ಪೆ ಕಂಡರೂ ನಡುವಿನವರೆಗೂ ರುಚಿಯಿತ್ತು, ರಸವಿತ್ತು. ನಾಲ್ಕನೆಯದಕ್ಕೆ ನಮ್ಮತ್ತೆ ಎರಡನೇ ಸಲ ಕೈ ಹಾಕಿದರು. ಅವರು ಮಾತಿನಲ್ಲಿ ಮೆಚ್ಚುವವರಲ್ಲ.

ಸಂಗತಿ ಇಷ್ಟು. ಉಪ್ಪು ಮೊದಲು ಮಾಂಸದ ನೀರನ್ನು ಹೊರಗೆಳೆಯುತ್ತದೆ, ಆ ಉಪ್ಪುನೀರು ನಿಧಾನಕ್ಕೆ ಮತ್ತೆ ಒಳಗಿಳಿಯುತ್ತದೆ; ಇಳಿದ ಕಡೆ ನಾರು ಸಡಿಲವಾಗಿ, ಬಿಸಿ ತಾಕಿದಾಗಲೂ ನೀರು ಹಿಡಿದುಕೊಳ್ಳುತ್ತದೆ. ಹುಳಿಗೆ ಆ ಶಕ್ತಿಯಿಲ್ಲ, ಮೇಲಷ್ಟೇ ಬೇಯಿಸಿದ ಹಾಗೆ ಮಾಡಿ ನಿಲ್ಲುತ್ತದೆ. ಪರಂಗಿಕಾಯಿಯಲ್ಲಿರುವ, ಮಾಂಸ ಕರಗಿಸುವ ಪಪೈನ್ ಎಂಬ ಸತ್ವ ಇನ್ನೂ ಜೋರು: ತಾಕಿದ ಜಾಗವನ್ನು ಕರಗಿಸುತ್ತದೆ, ತಾಕದ ಜಾಗ ಹಾಗೇ. ಗಂಟೆಗಟ್ಟಲೆ ಕುದಿಯುವ ಸಾರಿಗೆ ಸರಿ, ನಾಲ್ಕು ನಿಮಿಷದ ಕಾವಲಿಗೆ ಬೇಡ. ಮೊಸರೂ ಬೇಡ. ತಂದೂರಿಗೆ ಅದು ಚೆಂದ; ಕಾವಲಿಯಲ್ಲಿ ಅದರ ನೀರೇ ಶತ್ರು.

ಈಗ ನಾನು ಮಾಡುವ ಅಳತೆ, ಒಂದು ಕೆಜಿಗೆ. ಉಪ್ಪು 15 ಗ್ರಾಂ, ಅಂದರೆ ಪುಡಿ ಉಪ್ಪಾದರೆ ಎರಡೂವರೆ ಟೀ ಚಮಚ. ಕಲ್ಲುಪ್ಪನ್ನು ಚಮಚದಲ್ಲಿ ಅಳೆಯಬೇಡಿ, ತೂಕ ಮಾಡಿ. ಹುರಿದು ಪುಡಿ ಮಾಡಿದ ಜೀರಿಗೆ ಎರಡು ಟೀ ಚಮಚ, ಬ್ಯಾಡಗಿ ಮೆಣಸಿನ ಪುಡಿ ಮೂರು, ನಮ್ಮ ತೋಟದ ಕರಿಮೆಣಸು ಜಜ್ಜಿದ್ದು ಒಂದು. ಬ್ಯಾಡಗಿ ಯಾಕೆಂದರೆ ಬಣ್ಣ ಬೇಕು, ಉರಿ ಬೇಡ. ಗುಂಟೂರು ಹಾಕಿ ಒಮ್ಮೆ ಅತಿಥಿಗಳ ಮಗುವನ್ನು ಅಳಿಸಿದ್ದೇನೆ. ಬೆಳ್ಳುಳ್ಳಿ ಎಂಟು ಎಸಳು ಜಜ್ಜಿ, ಎಣ್ಣೆ ನಾಲ್ಕು ದೊಡ್ಡ ಚಮಚ, ಬೆಲ್ಲದ ಪುಡಿ ಅರ್ಧ ಟೀ ಚಮಚ. ಬೆಲ್ಲ ಅದಕ್ಕಿಂತ ಜಾಸ್ತಿಯಾದರೆ ಮಾಂಸ ಕೆಂಪಾಗುವ ಮೊದಲೇ ಕರಿ ಹಿಡಿಯುತ್ತದೆ. ಅಂಗಡಿಯ ಸೋಯಾ ಸಾಸ್ ಒಂದು ಚಮಚ ಹಾಕುವವರೂ ಇದ್ದಾರೆ, ಹಾಗಾದರೆ ಉಪ್ಪು ಸ್ವಲ್ಪ ಕಡಿಮೆ ಮಾಡಬೇಕು.

ಇನ್ನು ಒರೆಗಾನೊ ಎಂಬ ಪರಿಮಳದ ಸೊಪ್ಪು. ಟೆಕ್ಸಾಸಿನವರು ಅದನ್ನು ಬಿಡುವುದಿಲ್ಲ. ಪಿಜ್ಜಾ ಜೊತೆ ಬಂದ ಪೊಟ್ಟಣಗಳನ್ನು ಕೂಡಿಟ್ಟು ಹಾಕಿ ನೋಡಿದೆ, ಹುಲ್ಲಿನ ಪುಡಿ ಹಾಕಿದ ಹಾಗಿತ್ತು. ಒಂದು ಸಂಜೆ ಶೀತಕ್ಕೆಂದು ದೊಡ್ಡಪತ್ರೆ ಕಿತ್ತು ಬೆಂಕಿಯ ಮೇಲೆ ಬಾಡಿಸುತ್ತಿದ್ದೆ. ಹುಡುಗ ಒಳಗೆ ಬಂದವನೇ, "ಚಿಕ್ಕಮ್ಮ, ಒರೆಗಾನೊ ಎಲ್ಲಿ ಸಿಕ್ತು?" ಅಂದ. ಆಮೇಲೆ ಓದಿ ತಿಳಿದೆ: ಎರಡರಲ್ಲೂ ಕಾರ್ವಕ್ರಾಲ್ ಎಂಬ ಒಂದೇ ಪರಿಮಳದ ಸತ್ವವಿದೆ, ಅತ್ತ ಅಮೆರಿಕದ ಕಡೆ ದೊಡ್ಡಪತ್ರೆಗೆ ಕ್ಯೂಬಾ ಒರೆಗಾನೊ ಎಂದೇ ಹೆಸರು. ನಾನು ಅದನ್ನು ತಂಬುಳಿಗೂ ಮಕ್ಕಳ ಕೆಮ್ಮಿಗೂ ಬಿಟ್ಟು ಬೇರೆಯದಕ್ಕೆ ಬಳಸಿರಲಿಲ್ಲ. ಈಗ ನಾಲ್ಕು ಎಲೆ ಸಣ್ಣಗೆ ಹೆಚ್ಚಿ ಎಣ್ಣೆಯಲ್ಲಿ ಕಲಸಿಬಿಡುತ್ತೇನೆ, ಪರಿಮಳ ಎಣ್ಣೆಗೆ ಇಳಿಯುತ್ತದೆ. ಐದನೆಯ ಎಲೆ ಹಾಕಿದರೆ ಕಷಾಯದ ನೆನಪಾಗುತ್ತದೆ, ಎಚ್ಚರ.

ಇವನ್ನೆಲ್ಲ ಮಾಂಸಕ್ಕೆ ಸವರಿ ಮುಚ್ಚಿ ನಾಲ್ಕು ಗಂಟೆ ಫ್ರಿಜ್ಜಿನಲ್ಲಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೋ ಹೇಳಲಾಗದು, ಅಂಥ ದಿನ ಈ ಅಡುಗೆಗೆ ಕೈಯೇ ಹಾಕುವುದಿಲ್ಲ. ಒಲೆ ಹಚ್ಚುವ ಮುಕ್ಕಾಲು ಗಂಟೆ ಮೊದಲು ಎರಡು ನಿಂಬೆಹಣ್ಣಿನ ರಸ, ತೋಟದ ಕಿತ್ತಳೆ ಇದ್ದರೆ ಅರ್ಧ ಹಣ್ಣಿನದು. ನಮ್ಮ ನಿಂಬೆ, ಮೆಕ್ಸಿಕೋದವರ ನಿಂಬೆ ಎರಡೂ ಒಂದೇ ಜಾತಿ, ಆ ವಿಷಯದಲ್ಲಿ ನಾವು ಏನೂ ಬದಲಿಸಬೇಕಿಲ್ಲ.

ಬೀಡಿನ ಕಾವಲಿ ಹೊಗೆಯಾಡುವಷ್ಟು ಕಾಯಬೇಕು. ಮಾಂಸದ ಮೇಲೆ ನಿಂತ ನೀರನ್ನು ಬಟ್ಟೆಯಿಂದ ಒತ್ತಿ ತೆಗೆಯಲು ನನಗೆ ಮೊದಲು ಮನಸ್ಸೇ ಬರುತ್ತಿರಲಿಲ್ಲ, ಅಷ್ಟು ಕಷ್ಟಪಟ್ಟು ಹಾಕಿದ ಮಸಾಲೆ ಹೋಗುತ್ತದಲ್ಲ ಎಂದು. ಹೋಗಬೇಕಾದ್ದು ಹೋಗಲಿ, ಒದ್ದೆ ಮಾಂಸ ಸುಡುವುದಿಲ್ಲ, ಬೇಯುತ್ತದೆ. ಎರಡೆರಡೇ ತುಂಡು, ಒಂದೊಂದು ಮಗ್ಗುಲಿಗೆ ಎರಡು ನಿಮಿಷ. ಹುಡುಗ ತಂದುಕೊಟ್ಟ ಥರ್ಮಾಮೀಟರು ಒಳಗೆ 63 ಡಿಗ್ರಿ ತೋರಿಸಿದರೆ ಮೂರು ನಿಮಿಷ ಆರಲು ಬಿಟ್ಟರೆ ಸಾಕಂತೆ. ನಮ್ಮವರಿಗೆ ಒಳಗೆ ಕೆಂಪು ಕಂಡರೆ ಆಗದು, ನಾನು 70 ದಾಟಿಸುತ್ತೇನೆ. ಅದೇ ಕಾವಲಿಯ ಜಿಡ್ಡಿನಲ್ಲಿ ಉದ್ದುದ್ದ ಈರುಳ್ಳಿ, ದಪ್ಪ ಮೆಣಸಿನಕಾಯಿ.

ಐದು ನಿಮಿಷ ಆರಿದ ಮೇಲೆ ಕತ್ತಿ. ನಾರು ಉದ್ದಕ್ಕೆ ಹರಿದಿದ್ದರೆ ನಾನು ಅಡ್ಡಕ್ಕೆ, ಬೀನ್ಸ್ ಹೆಚ್ಚುವಷ್ಟು ತೆಳ್ಳಗೆ ಕೊಯ್ಯುತ್ತೇನೆ. ಒಂದೇ ಹಲಗೆಯ ಅರ್ಧವನ್ನು ನಾರಿನುದ್ದಕ್ಕೆ, ಅರ್ಧವನ್ನು ಅಡ್ಡಕ್ಕೆ ಕತ್ತರಿಸಿ ಮನೆಯವರಿಗೆ ಕೊಟ್ಟೆ. "ಇದು ಬೇರೆ ಕುರೀದಾ?" ಎಂದು ಕೇಳಿದರು. ಯಾವ ಮಸಾಲೆಯೂ ಇಷ್ಟು ಮೆತ್ತಗೆ ಮಾಡಿರಲಿಲ್ಲ.

ಫಹೀಟಾ ಸುತ್ತುವ ಮೆಕ್ಸಿಕೋದ ರೊಟ್ಟಿ ಟಾರ್ಟಿಲಾ ಬದಲು ಅಕ್ಕಿರೊಟ್ಟಿ. ತಟ್ಟಿದ್ದು ಮಡಚಿದರೆ ಒಡೆಯುತ್ತದೆ, ಕುದಿವ ನೀರಿಗೆ ಹಿಟ್ಟು ಹಾಕಿ ಮುದ್ದೆ ಮಾಡಿ ನಾದಿ ಲಟ್ಟಿಸಿದ್ದಾಗಬೇಕು. ಮುಸುಕಿನ ಜೋಳದ ಹಿಟ್ಟಿನಲ್ಲೂ ಪ್ರಯತ್ನಿಸಿದೆ, ಬಿರಿದು ಹೋಯಿತು. ಮೆಕ್ಸಿಕೋದವರು ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿಟ್ಟು, ಆಮೇಲೆ ರುಬ್ಬುವುದಂತೆ. ಆ ಸಾಹಸ ಇನ್ನೊಮ್ಮೆ.

ಬಟ್ಟಲಲ್ಲಿ ಉಳಿದ ಮಸಾಲೆಯನ್ನು ಹಾಗೇ ಮೇಲೆ ಸುರಿಯಬೇಡಿ, ಹಸಿ ಮಾಂಸದ ನೀರದು. ನಾನು ಚೆಲ್ಲುತ್ತೇನೆ. ಸದ್ಯ ಇದೇ ಅಳತೆಯಲ್ಲಿ ಹಂದಿಮಾಂಸ ನಡೆದಿದೆ: ನಿಂಬೆಯ ಬದಲು ಶನಿವಾರಸಂತೆಯಿಂದ ತಂದ ಕಾಚಂಪುಳಿ ಎಂಬ ಕೊಡಗಿನ ಕಪ್ಪು ಗಟ್ಟಿ ಹುಳಿ, ಅರ್ಧ ಟೀ ಚಮಚ. ಮೊನ್ನೆ ಒಂದು ಚಮಚ ಹಾಕಿದ್ದೆ, ಹಲ್ಲು ಚುಳ್ಳೆಂದಿತು.